ತಲೆ, ಕಾಲು ಏರಿಸುವ ಮಂಚ: ಕೊಳ್ಳಬೇಕೋ ಬೇಡವೋ

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದರೆ, ವಯಸ್ಸಾದವರಿಗೆ ರಾತ್ರಿ ಎದೆಯುರಿ ಹೆಚ್ಚಾದರೆ, ಆಸ್ಪತ್ರೆಯಲ್ಲಿರುವಂಥ ಮಂಚ ಒಂದು ತಂದುಬಿಡೋಣ ಅನ್ನುವ ಮಾತು ಬರುತ್ತದೆ. ಅಂಗಡಿಗೆ ಹೋಗುವ ಮುಂಚೆ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಮಲಗುವ ಭಂಗಿ ದಿನಕ್ಕೆ ಹಲವು ಸಲ ಬದಲಾಗಬೇಕೋ, ಅಥವಾ ರಾತ್ರಿಯಿಡೀ ತಲೆಕಡೆ ಒಂದಷ್ಟು ಎತ್ತರವಿದ್ದರೆ ಸಾಕೋ? ಅಷ್ಟೇ ಸಾಕು ಅನ್ನುವುದಾದರೆ ಹೊಸ ಮಂಚ ಬೇಕಿಲ್ಲ.

ಎದೆಯುರಿ, ಹುಳಿತೇಗು ಈ ಗುಂಪಿಗೆ ಸೇರಿದವು. ಈಗಿರುವ ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ 6ರಿಂದ 8 ಇಂಚು ಎತ್ತರದ ಮರದ ತುಂಡು ಕೊಟ್ಟರೆ ಕೆಲಸ ಆಗುತ್ತದೆ. ಇಟ್ಟಿಗೆ ಬೇಡ, ಅಂಚು ಒಡೆದು ಮಂಚ ಜಾರುತ್ತದೆ. ಬಡಗಿಗೆ ಹೇಳಿ ಮರದ ತುಂಡಿನ ಮೇಲೆ ಒಂದು ಇಂಚು ಆಳದ ಗುಳಿ ಕೊರೆಸಿ, ಮಂಚದ ಕಾಲು ಅದರೊಳಗೆ ಕೂರಲಿ. ಅಡಿಗೆ ರಬ್ಬರ್ ಅಂಟಿಸಿ, ಇಲ್ಲದಿದ್ದರೆ ರೆಡ್ ಆಕ್ಸೈಡ್ ನೆಲದ ಮೇಲೂ ಟೈಲ್ಸ್ ಮೇಲೂ ನಿಲ್ಲುವುದಿಲ್ಲ. ಬಾಕ್ಸ್ ಮಂಚವಾದರೆ ಎತ್ತಲು ಬರುವುದಿಲ್ಲ. ಅಂಥ ಕಡೆ ಸೊಂಟದಿಂದ ತಲೆಯವರೆಗೆ ಬರುವ ಇಳಿಜಾರು ಫೋಮ್ ದಿಂಬು ತನ್ನಿ. ಮಾಮೂಲಿ ದಿಂಬು ಎರಡು ಮೂರು ಪೇರಿಸಿದರೆ ಕತ್ತು ಬಾಗಿ, ಹೊಟ್ಟೆ ಮಡಚಿ, ಉರಿ ಇನ್ನೂ ಜಾಸ್ತಿ ಆಗುತ್ತದೆ. ಎರಡು ವಾರ ಹೀಗೆ ಮಲಗಿ ನೋಡಿ ಮುಂದಿನದನ್ನು ಯೋಚಿಸಿ. ಆದರೆ ಅಂಗಾತ ಮಲಗಿದರೆ ಉಸಿರು ಕಟ್ಟುವುದು ಹೊಸದಾಗಿ ಶುರುವಾಗಿದ್ದರೆ, ಜೊತೆಗೆ ಕಾಲು ಊದಿದ್ದರೆ, ಮೊದಲು ಡಾಕ್ಟರ ಹತ್ತಿರ ಹೋಗಿ. ಅದು ಹೃದಯದ ತೊಂದರೆ ಇರಬಹುದು.

ಮಂಚ ನಿಜವಾಗಿ ಬೇಕಾಗುವುದು ತಾವಾಗಿ ಎದ್ದು ಕೂರಲಾಗದವರಿಗೆ: ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಮಲಗಿದಲ್ಲೇ ಊಟ ಮಾಡಿಸಬೇಕಾದವರು. ಇಲ್ಲಿ ರೋಗಿಯಷ್ಟೇ ನೋಡಿಕೊಳ್ಳುವವರ ಸೊಂಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯ ಮಂಚ ಸುಮಾರು ಒಂದೂವರೆ ಅಡಿ ಎತ್ತರ ಇರುತ್ತದೆ. ಅದರ ಪಕ್ಕ ಬಗ್ಗಿ ದಿನಕ್ಕೆ ಹತ್ತು ಸಲ ಮಗ್ಗುಲು ಬದಲಿಸುವ ಸೊಸೆಗೋ ಮಗನಿಗೋ ತಿಂಗಳೊಳಗೆ ಬೆನ್ನು ಹಿಡಿದುಕೊಳ್ಳುತ್ತದೆ.

ಸರ್ಜಿಕಲ್ ಅಂಗಡಿಯಲ್ಲಿ ಸೆಮಿ ಫೌಲರ್ ಅಂದರೆ ಬೆನ್ನು ಮಾತ್ರ ಏರುವ ಮಂಚ. ಫುಲ್ ಫೌಲರ್ ಅಂದರೆ ಬೆನ್ನು, ಮಂಡಿ ಎರಡೂ ಏರುವುದು. ಎರಡೂ ಹ್ಯಾಂಡಲ್ ತಿರುಗಿಸುವ ಮಾದರಿಯಲ್ಲೂ ಮೋಟಾರ್ ಮಾದರಿಯಲ್ಲೂ ಸಿಗುತ್ತವೆ. ಇಡೀ ಮಂಚವೇ ಮೇಲೆ ಕೆಳಗೆ ಹೋಗುವುದು ಇನ್ನೊಂದು ಸೌಲಭ್ಯ. ಹಾಸಿಗೆ ಹಿಡಿದವರಿಗೆ ಅದೇ ಹೆಚ್ಚು ಉಪಯೋಗ, ದುಡ್ಡು ಹಾಕುವುದಾದರೆ ಅದಕ್ಕೆ ಹಾಕಿ. ಹ್ಯಾಂಡಲ್ ಇರುವುದು ಕಾಲಿನ ಕಡೆ, ಮಲಗಿದವರ ಕೈಗೆ ಸಿಗುವುದಿಲ್ಲ. ಹಗಲು ಒಬ್ಬರೇ ಇರುವವರಿಗೆ, ಕೈಯಲ್ಲಿ ಶಕ್ತಿ ಇದ್ದು ರಿಮೋಟ್ ಒತ್ತಬಲ್ಲವರಿಗೆ ಮೋಟಾರ್ ಮಂಚ. ಸದಾ ಯಾರಾದರೂ ಜೊತೆಗಿರುವ ಮನೆಗೆ ಹ್ಯಾಂಡಲ್ ಮಂಚ ಸಾಕು, ಕೆಡುವುದೂ ಕಡಿಮೆ.

ಆರೆಂಟು ವಾರದಲ್ಲಿ ವಾಸಿಯಾಗುವ ತೊಂದರೆಗೆ ಮಂಚ ಕೊಳ್ಳಲೇಬೇಡಿ. ಮೈಸೂರಿನಲ್ಲೂ ಮಂಡ್ಯದಲ್ಲೂ ತಿಂಗಳ ಬಾಡಿಗೆಗೆ ಸಿಗುತ್ತದೆ. ಹೊಸದರ ಬೆಲೆಯನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ ನೋಡಿ. ಅಷ್ಟು ತಿಂಗಳಿಗಿಂತ ಹೆಚ್ಚು ಕಾಲ ಬೇಕು ಎಂದು ಡಾಕ್ಟರ್ ಹೇಳಿದರೆ ಮಾತ್ರ ಖರೀದಿಯ ಮಾತು. ಆಗಲೂ ಮೊದಲ ತಿಂಗಳು ಬಾಡಿಗೆಗೇ ತನ್ನಿ, ಯಾವ ಸೌಲಭ್ಯ ಬಳಸುತ್ತೀರಿ, ಯಾವುದನ್ನು ಮುಟ್ಟುವುದೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಮನೆಗಳಲ್ಲಿ ತಪ್ಪಾಗುವುದು ಹೆಚ್ಚಾಗಿ ಏರಿಸುವುದರಲ್ಲಿ. ಬೆನ್ನನ್ನು ಮಾತ್ರ ಏರಿಸಿದರೆ ಮೈ ಕೆಳಗೆ ಜಾರುತ್ತದೆ. ಚರ್ಮ ಹೊದಿಕೆಗೆ ಅಂಟಿ ನಿಂತಿರುತ್ತದೆ, ಒಳಗಿನ ಮೂಳೆ ಜಾರುತ್ತದೆ, ನಡುವಿನ ರಕ್ತನಾಳ ಎಳೆದು ಕಿವುಚಿದಂತಾಗಿ ಬೆನ್ನಿನ ಬುಡದಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಆದ್ದರಿಂದ ಮೊದಲು ಮಂಡಿ ಸ್ವಲ್ಪ ಏರಿಸಿ, ಆಮೇಲೆ ಬೆನ್ನು. ಇಳಿಸುವಾಗ ಬೆನ್ನು ಮೊದಲು, ಮಂಡಿ ಆಮೇಲೆ. ಮಂಡಿಚಿಪ್ಪಿನ ಆಪರೇಷನ್ ಆದವರಿಗೆ ಮಾತ್ರ ಮಂಡಿ ಏರಿಸಿ ಬಿಡಬೇಡಿ, ಕಾಲು ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ. ಊಟದ ಹೊತ್ತು ಬಿಟ್ಟರೆ ಬೆನ್ನು 30 ಡಿಗ್ರಿ ದಾಟದಿರಲಿ. ಅಳೆಯುವುದು ಸುಲಭ: ಬೆನ್ನಿನ ಹಲಗೆಯ ಉದ್ದದ ಅರ್ಧದಷ್ಟು ಅದರ ಮೇಲ್ತುದಿ ಎದ್ದರೆ ಅದೇ 30 ಡಿಗ್ರಿ. ಹಲಗೆ 30 ಇಂಚು ಇದ್ದರೆ 15 ಇಂಚು. ಗೋಡೆಗೆ ಒಂದು ಟೇಪು ಅಂಟಿಸಿ ಗುರುತು ಮಾಡಿಡಿ, ಮನೆಯವರೆಲ್ಲರಿಗೂ ಕಾಣಲಿ. ಊಟಕ್ಕೆ ಆದಷ್ಟು ನೇರ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಮಂಚ ಎಷ್ಟೇ ಒಳ್ಳೆಯದಾದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಹಾಸಿಗೆಯ ವಿಷಯಕ್ಕೆ ಬಂದರೆ ತೆಂಗಿನ ನಾರಿನ ಗಟ್ಟಿ ಹಾಸಿಗೆ ಬಾಗುವುದಿಲ್ಲ, ಹತ್ತಿಯದು ಮಡಿಕೆ ಬಿದ್ದು ಗಂಟು ಕಟ್ಟುತ್ತದೆ. ನಾಲ್ಕೈದು ಇಂಚಿನ ಫೋಮ್ ಹಾಸಿಗೆ, ಮೇಲೆ ನೀರು ಇಳಿಯದ ಹೊದಿಕೆ ಸರಿ. ಬೆಡ್‌ಶೀಟಿಗೆ ಮೂಲೆಯಲ್ಲಿ ಎಲಾಸ್ಟಿಕ್ ಇರಲಿ. ಹಾಸಿಗೆ ಚೌಕಟ್ಟಿಗಿಂತ ಕಿರಿದಾಗಿ ಪಕ್ಕದ ಕಂಬಿಯ ಹತ್ತಿರ ಸಂದು ಉಳಿಯಬಾರದು. ಕಂಬಿಗಳ ನಡುವೆಯೂ 12 ಸೆಂಟಿಮೀಟರ್‌ಗಿಂತ ಹೆಚ್ಚು ಅಂತರ ಇದ್ದರೆ ತಲೆ ಸಿಕ್ಕಿಕೊಳ್ಳಬಹುದು. ಮರೆವಿನ ಕಾಯಿಲೆ ಇರುವವರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಅಂಥವರಿಗೆ ಮಂಚ ಆದಷ್ಟು ತಗ್ಗಿಸಿ, ಕೆಳಗೆ ಒಂದು ಹಾಸಿಗೆ ಹಾಸಿಡುವುದೇ ವಾಸಿ.

ಕೋಣೆ ಅಳೆಯಿರಿ. ಮಂಚಕ್ಕೆ 3 ಅಡಿ ಅಗಲ, 7 ಅಡಿ ಉದ್ದ, ನೋಡಿಕೊಳ್ಳುವವರಿಗೆ ಒಂದು ಕಡೆಯಾದರೂ ಎರಡೂವರೆ ಅಡಿ, ಹ್ಯಾಂಡಲ್ ತಿರುಗಿಸಲು ಕಾಲಿನ ಕಡೆ ಎರಡು ಅಡಿ. ಮೈಸೂರಿನ ಹಳೇ ವಠಾರದ ಮನೆಗಳಲ್ಲಿ ಬಾಗಿಲು ಕಿರಿದು, ಹೊಸಿಲು ಎತ್ತರ. ತಲೆ, ಕಾಲಿನ ಫಲಕ ಬಿಚ್ಚಿದರೆ ಒಳಗೆ ಹೋಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ಉತ್ತರಕ್ಕೆ ತಲೆ ಹಾಕುವುದಿಲ್ಲ ಅನ್ನುವ ಮನೆಯಾದರೆ ಪ್ಲಗ್ ಯಾವ ಗೋಡೆಯಲ್ಲಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ, ಓಡಾಡುವ ದಾರಿಗೆ ಅಡ್ಡ ವೈರ್ ಬಿದ್ದಿರಬಾರದು. ನಾಲೆ ಬಯಲಿನ ಊರುಗಳಲ್ಲಿ ಸೊಳ್ಳೆ ಪರದೆ ಇಲ್ಲದೆ ಆಗುವುದಿಲ್ಲ. ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿದರೆ ಬೆನ್ನಿನ ಹಲಗೆ ಏಳುವಾಗ ಕೀಲಿಗೆ ಸಿಕ್ಕಿ ಹರಿಯುತ್ತದೆ. ಚಾವಣಿಯಿಂದ ಅಗಲವಾಗಿ ಇಳಿಬಿಟ್ಟು ನೆಲಕ್ಕೆ ತಾಗಿಸಿ.

ಮೋಟಾರ್ ಮಂಚ ತರುವುದಾದರೆ ಕರೆಂಟ್ ಹೋದಾಗ ಏನು ಎಂದು ಕೇಳಿ. ಬ್ಯಾಟರಿ ಇಲ್ಲವೇ ಕೈಯಿಂದ ಇಳಿಸುವ ವ್ಯವಸ್ಥೆ ಇರಲೇಬೇಕು, ಕರೆಂಟ್ ಕೊಡುವ ಸೆಸ್ಕ್ ಕಂಪನಿಯವರು ರಿಪೇರಿಗೆ ಲೈನ್ ತೆಗೆದ ದಿನ ಬೆನ್ನು ಏರಿದ ಹಾಗೇ ನಿಂತರೆ ಕಷ್ಟ. ಅರ್ತಿಂಗ್ ಇರುವ ಮೂರು ಪಿನ್ ಪ್ಲಗ್ ಇರಲಿ. ಇಂಥ ಮೋಟಾರುಗಳಲ್ಲಿ ಹೆಚ್ಚಿನವು 2 ನಿಮಿಷ ಓಡಿದರೆ 18 ನಿಮಿಷ ಆರಬೇಕು. ಮಕ್ಕಳು ರಿಮೋಟ್ ಒತ್ತುತ್ತಾ ಆಡಿದರೆ ಬಿಸಿಯಾಗಿ ನಿಲ್ಲುತ್ತದೆ. ಹ್ಯಾಂಡಲ್ ಮಂಚಕ್ಕೆ ಆಗಾಗ ತಿರುಪಿನ ಕಡ್ಡಿಗೆ ಗ್ರೀಸ್ ಹಚ್ಚಿ. ಬಿಗಿಯಾದ ಮೇಲೂ ತಿರುಗಿಸಿದರೆ ಕಡ್ಡಿ ಸೊಟ್ಟಗಾಗುತ್ತದೆ.

ಮಂಚ ಮನೆಗೆ ಬಂದಾಗ ತಂದವರು ಹೊರಡುವ ಮುಂಚೆ ಮನೆಯಲ್ಲಿ ಹೆಚ್ಚು ತೂಕದವರನ್ನು ಮಲಗಿಸಿ, ಪೂರ್ತಿ ಏರಿಸಿ, ಪೂರ್ತಿ ಇಳಿಸಿ. ಎರಡೂ ಪಕ್ಕ ಒಂದೇ ಸಮ ಏಳುತ್ತದೆಯೇ ನೋಡಿ. ಚಕ್ರದ ಬ್ರೇಕ್ ಹಾಕಿ ಸೊಂಟದಿಂದ ತಳ್ಳಿ, ಅಲುಗಬಾರದು. ಕೊನೆಗೆ ಮಲಗಬೇಕಾದವರನ್ನೇ ಅಂಚಿನಲ್ಲಿ ಕೂರಿಸಿ: ಪಾದ ಪೂರ್ತಿ ನೆಲಕ್ಕೆ ಊರಬೇಕು. ಹಿಮ್ಮಡಿ ನೆಲ ಮುಟ್ಟದಿದ್ದರೆ ತೆಳು ಹಾಸಿಗೆ ಬದಲಿಸಿಕೊಳ್ಳಿ, ಅದೂ ಸಾಲದಿದ್ದರೆ ಆ ಮಂಚ ವಾಪಸ್ ಕಳಿಸಿ.