ನವರಂಗದೊಳಗೆ 10 ಮಿಲಿಮೀಟರ್: ಅಲ್ಟ್ರಾ ವೈಡ್ ಜೂಮ್ ಆರಿಸುವುದು, ಬಳಸುವುದು

ಸೋಮನಾಥಪುರದ ಕೇಶವ ಗುಡಿಯ ನವರಂಗದಲ್ಲಿ, ಅಂದರೆ ಒಳಗಿನ ಕಂಬಗಳ ಮಂಟಪದಲ್ಲಿ, ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ ಸರಿದರೂ ಕಿಟ್ ಲೆನ್ಸ್‌ನ 18 ಮಿ.ಮೀ.ನಲ್ಲಿ ಸಿಗುವುದು ಒಂದೆರಡು ಕಂಬ, ಅವುಗಳ ನಡುವಿನ ಕತ್ತಲೆ, ಅಷ್ಟೇ. ಹೊರಗೂ ಅದೇ ಪಾಡು. ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆಯ) ಮೇಲೆ ನಿಂತು ಗೋಡೆಯನ್ನು ಬುಡದ ಆನೆಗಳ ಸಾಲಿನಿಂದ ಶಿಖರದ ತನಕ ಹಿಡಿಯೋಣವೆಂದರೆ ಹಿಂದಕ್ಕೆ ಹೆಜ್ಜೆ ಇಡಲು ಜಾಗವಿಲ್ಲ. ಹೊಯ್ಸಳ ಗುಡಿಗಳಿಗೆ ಹೋಗುವಾಗ ನನ್ನ ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗೆ 10-18 ಮಿ.ಮೀ.ನ ಅಲ್ಟ್ರಾ ವೈಡ್, ಅಂದರೆ ತೀರಾ ಅಗಲ ನೋಟದ, ಜೂಮ್ ಹಾಕಿಕೊಳ್ಳುವುದು ಈ ಕಾರಣಕ್ಕೆ.

ಆದರೆ ಈ ಲೆನ್ಸ್ ಕೊಂಡವರಲ್ಲಿ ಬಹಳ ಮಂದಿ ಅದನ್ನು 'ಎಲ್ಲವನ್ನೂ ತುಂಬಿಸುವ' ಸಾಧನವೆಂದೇ ನಂಬುತ್ತಾರೆ. ಎಲ್ಲವೂ ತುಂಬುತ್ತದೆ ನಿಜ, ಎಲ್ಲವೂ ಚಿಕ್ಕದಾಗಿಯೂ ಬೀಳುತ್ತದೆ. ದೊಡ್ಡ ಗುಡಿ ಬೆಂಕಿಪೊಟ್ಟಣದಷ್ಟಾಗಿ, ಮುಂದೆ ಖಾಲಿ ನೆಲ, ಮೇಲೆ ಖಾಲಿ ಆಕಾಶ. ಅಲ್ಟ್ರಾ ವೈಡ್ ಇರುವುದು ಹತ್ತಿರ ಹೋಗುವುದಕ್ಕೆ. ಕಂಬಕ್ಕೆ ಒಂದು ಮೊಳದಷ್ಟು ಹತ್ತಿರ ನಿಂತರೂ ಅದರ ಹಿಂದಿನ ಇಡೀ ಮಂಟಪ ಕಾಣುತ್ತಿರುತ್ತದೆ. ಇದು ಬೇರೆ ಯಾವ ಲೆನ್ಸ್‌ನಿಂದಲೂ ಆಗದ ಕೆಲಸ.

ಕೊಳ್ಳುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಸೆನ್ಸರ್ ಅಗಲವನ್ನು ದೂರದಿಂದ ಗುಣಿಸಿ ಫೋಕಲ್ ಲೆಂಗ್ತ್‌ನಿಂದ (ಲೆನ್ಸ್ ಮೇಲಿನ ಮಿ.ಮೀ. ಅಂಕಿಯಿಂದ) ಭಾಗಿಸಿದರೆ ಆ ದೂರದಲ್ಲಿ ಚೌಕಟ್ಟು ಎಷ್ಟು ಅಗಲವನ್ನು ಹಿಡಿಯುತ್ತದೆ ಎಂದು ಸಿಗುತ್ತದೆ. ಕ್ಯಾನನ್ ಎಪಿಎಸ್-ಸಿ ಸೆನ್ಸರ್ ಸುಮಾರು 22.3 ಮಿ.ಮೀ. ಅಗಲ, ನಿಕಾನ್ ಮತ್ತು ಸೋನಿಯದು ಸುಮಾರು 23.5. ಮೂರು ಮೀಟರ್ ದೂರದಿಂದ ಕ್ಯಾನನ್‌ನಲ್ಲಿ 18 ಮಿ.ಮೀ.ಗೆ 3.7 ಮೀಟರ್ ಅಗಲ ಸಿಕ್ಕರೆ, 10 ಮಿ.ಮೀ.ಗೆ 6.7 ಮೀಟರ್. ಕರ್ಣದ ಕೋನ 74 ಡಿಗ್ರಿಯಿಂದ 107 ಡಿಗ್ರಿಗೆ ಏರುತ್ತದೆ. ಇದು ಫುಲ್ ಫ್ರೇಮ್‌ನ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನ) 16 ಮಿ.ಮೀ.ಗೆ ಸಮ. ಈ ತುದಿಯಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ: 12ಕ್ಕೆ ಬಂದರೆ ಕೋನ 96 ಡಿಗ್ರಿಗೆ ಇಳಿಯುತ್ತದೆ. ಟೆಲಿಫೋಟೋದಲ್ಲಿ 200 ಮತ್ತು 202ರ ನಡುವೆ ವ್ಯತ್ಯಾಸವೇ ತಿಳಿಯದು. ಇಲ್ಲಿ 10 ಮತ್ತು 12ರ ನಡುವೆ ಎರಡು ಕಂಬ ಒಳಗೆ ಬರುತ್ತವೆ, ಇಲ್ಲವೇ ಹೊರಗುಳಿಯುತ್ತವೆ.

ನಾನು ಬಳಸುವುದು ಕ್ಯಾನನ್ ಇಎಫ್-ಎಸ್ 10-18 ಎಫ್/4.5-5.6 ಐಎಸ್ ಎಸ್‌ಟಿಎಂ. 2014ರಲ್ಲಿ ಬಂದದ್ದು, ತೂಕ 240 ಗ್ರಾಂ, ಫಿಲ್ಟರ್ 67 ಮಿ.ಮೀ. ಮೌಂಟ್ ಪ್ಲಾಸ್ಟಿಕ್‌ನದು, ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಕಿರಿದು (ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಹಾಗಿದ್ದೂ ಟೋಕಿನಾ 11-16 ಎಫ್/2.8 ಬಿಟ್ಟು ಇದನ್ನೇ ಹಿಡಿದದ್ದು ಅದರ ಸ್ಟೆಬಿಲೈಸರ್‌ಗಾಗಿ (ಹೆಸರಿನಲ್ಲಿರುವ ಐಎಸ್ ಅದೇ, ನಿಕಾನ್‌ನಲ್ಲಿ ವಿಆರ್). ಎಫ್/4.5ರಿಂದ ಎಫ್/2.8ಕ್ಕೆ ಹೋದರೆ ಸಿಗುವುದು ಒಂದೂ ಕಾಲು ಸ್ಟಾಪ್‌ಗಿಂತ ಸ್ವಲ್ಪ ಹೆಚ್ಚು ಬೆಳಕು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಕಂಬ ಅಲುಗಾಡುವುದಿಲ್ಲ, ಅಲುಗಾಡುವುದು ನಮ್ಮ ಕೈ. ಆ ಅಲುಗಾಟಕ್ಕೆ ಸ್ಟೆಬಿಲೈಸರ್ ಅದಕ್ಕಿಂತ ಹೆಚ್ಚೇ ಉಳಿಸಿಕೊಡುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ ಎನ್ನುವುದನ್ನೂ ನೆನಪಿಡಿ. ರಾತ್ರಿ ಆಕಾಶ, ನಕ್ಷತ್ರ, ಜಾತ್ರೆಯ ಜನ ನಿಮ್ಮ ವಿಷಯವಾಗಿದ್ದರೆ ತೀರ್ಮಾನ ತಿರುಗುತ್ತದೆ, ಅಲ್ಲಿ ಎಫ್/2.8 ಬೇಕು.

ನಿಕಾನ್‌ನವರಿಗೆ ಎಎಫ್-ಪಿ 10-20 ವಿಆರ್ ಇದೇ ಜಾತಿಯದು, 230 ಗ್ರಾಂ. ಆದರೆ ಡಿ90, ಡಿ7000ದಂಥ ಹಳೆಯ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ಸೇ ಆಗುವುದಿಲ್ಲ, ಕೈಯಿಂದ ತಿರುಗಿಸಿದರೂ ಇಲ್ಲ. ಕ್ಯಾನನ್ ಮಿರರ್‌ಲೆಸ್‌ಗೆ ಆರ್‌ಎಫ್-ಎಸ್ 10-18 ಇದೆ, ಬರೀ 150 ಗ್ರಾಂ. ಫುಲ್ ಫ್ರೇಮ್‌ನಲ್ಲಿ ಕ್ಯಾನನ್ 16-35 ಎಫ್/4 ಐಎಸ್ ಅಥವಾ ನಿಕಾನ್ ಝಡ್ 14-30 ಎಫ್/4 ಸಾಕು. ನಿಕಾನ್ 14-24 ಎಫ್/2.8 ಎಫ್-ಮೌಂಟ್, ಸಿಗ್ಮಾ 8-16 ಇವುಗಳ ಮುಂದಿನ ಗಾಜು ಗೋಲಿಯಂತೆ ಉಬ್ಬಿದೆ. ಸಾಮಾನ್ಯ ಸ್ಕ್ರೂ ಫಿಲ್ಟರ್ ಕೂರುವುದಿಲ್ಲ. ಇಕ್ಕಟ್ಟಾದ ಕಲ್ಲುಕಂಬಗಳ ನಡುವೆ ಆ ಗಾಜನ್ನು ಹೊತ್ತು ಓಡಾಡಲು ನಾನಂತೂ ಹೇಳುವುದಿಲ್ಲ.

ಲೆನ್ಸ್ ಕೈಗೆ ಬಂದ ದಿನವೇ ಮೂಲೆಗಳನ್ನು ಪರೀಕ್ಷಿಸಿ. ವೈಡ್ ಲೆನ್ಸ್‌ನ ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಬದಿ ಮಂಜಾಗುತ್ತದೆ. ಗೋಡೆಯ ಚಿತ್ರ ತೆಗೆದು ನೋಡುವ ಪದ್ಧತಿಯಲ್ಲಿ ಕ್ಯಾಮೆರಾ ಗೋಡೆಗೆ ಒಂದಿಷ್ಟು ಓರೆ ನಿಂತರೂ ದೋಷ ಲೆನ್ಸ್‌ನದೋ ನಮ್ಮದೋ ಗೊತ್ತಾಗದು. ಹಾಗಾಗಿ ನಾನು ದೂರದ ಮೊಬೈಲ್ ಟವರ್ ಒಂದನ್ನು ಆರಿಸಿಕೊಳ್ಳುತ್ತೇನೆ. ಅದನ್ನು ಚೌಕಟ್ಟಿನ ನಡುವೆ ಇಟ್ಟು ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಆಮೇಲೆ ಅದೇ ಟವರನ್ನು ನಾಲ್ಕೂ ಮೂಲೆಗೆ ಸರದಿಯಂತೆ ತಂದು ಎಫ್/5.6 ಮತ್ತು ಎಫ್/8ರಲ್ಲಿ ಒಂದೊಂದು ಚಿತ್ರ. ಇದನ್ನೇ 10, 14, 18 ಮಿ.ಮೀ.ಗಳಲ್ಲೂ ಮಾಡಬೇಕು. ನಾಲ್ಕೂ ಮೂಲೆ ಸಮನಾಗಿ ಸ್ವಲ್ಪ ಮೆತ್ತಗಿದ್ದರೆ ಅದು ಆ ಲೆನ್ಸ್‌ನ ಗುಣ. ಮೂರು ಚೂಪಾಗಿದ್ದು ಒಂದು ಮಾತ್ರ ಎಫ್/8ರಲ್ಲೂ ಕಲಸಿದಂತಿದ್ದರೆ ವಾಪಸು ಕೊಡಿ. ಸೆಕೆಂಡ್ ಹ್ಯಾಂಡ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದನ್ನು ಹುಡುಕಿಯೇ ಹುಡುಕಬೇಕು.

ಇನ್ನು ಗುಡಿಯ ಮುಂದೆ. ಕ್ಯಾಮೆರಾ ಮಟ್ಟವಾಗಿರಬೇಕು ಎನ್ನುವುದು ಎಲ್ಲ ಲೆನ್ಸ್‌ಗೂ ಒಳ್ಳೆಯದು, 10 ಮಿ.ಮೀ.ಗೆ ಕಡ್ಡಾಯ. ಶಿಖರ ಸಿಗಲೆಂದು ಮೂತಿಯನ್ನು ತುಸು ಎತ್ತಿದರೂ ಕಂಬಗಳು ಒಳಗೆ ವಾಲುತ್ತವೆ, ಗುಡಿ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಸರಿಪಡಿಸಬಹುದು, ಆದರೆ ಹಾಗೆ ಎಳೆದಾಗ ಮೇಲ್ಭಾಗ ಹಿಗ್ಗಿ ಸೂಕ್ಷ್ಮ ಕೆತ್ತನೆಯ ಚೂಪು ಹೋಗುತ್ತದೆ, ಎರಡೂ ಮೇಲ್ಮೂಲೆಗಳೂ ಕತ್ತರಿಸಿ ಹೋಗುತ್ತವೆ. ನಾನು ಮಾಡುವುದು ಹೀಗೆ: ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಒಳಗಿನ ಎಲೆಕ್ಟ್ರಾನಿಕ್ ಲೆವೆಲ್ ನೋಡಿಕೊಂಡು, ಮೂತಿಯನ್ನು ನೆಲಕ್ಕೆ ಸಮಾನಾಂತರವಾಗಿ ಇಡುತ್ತೇನೆ. ಗೋಡೆಯಿಂದ 5 ಮೀಟರ್ ದೂರದಲ್ಲಿ 10 ಮಿ.ಮೀ. ಲೆನ್ಸ್ ಈ ಸ್ಥಿತಿಯಲ್ಲಿ ತನ್ನ ಮಟ್ಟದಿಂದ ಮೇಲಕ್ಕೆ 5.5 ಮೀಟರ್ ನೋಡುತ್ತದೆ. ಕ್ಯಾಮೆರಾ ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದರೆ 7 ಮೀಟರ್ ಗೋಡೆ ಸಿಕ್ಕಿತು. ಅಡ್ಡ ಹಿಡಿದರೆ ಇದು 5 ಮೀಟರ್ ಚಿಲ್ಲರೆಗೆ ನಿಲ್ಲುತ್ತದೆ. ಕೆಳಗೆ ಬಂದ ಬರೀ ನೆಲವನ್ನು ಆಮೇಲೆ ಕತ್ತರಿಸಿಬಿಡಿ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಮೂರನೇ ಒಂದು ಪಾಲು ಹೋದರೂ 16 ಉಳಿಯುತ್ತದೆ, ಕಂಬಗಳು ನೆಟ್ಟಗೆ ನಿಂತಿರುತ್ತವೆ.

ಬೇಲೂರಿನ ಮದನಿಕೆಗಳಿಗೆ ಈ ಲೆನ್ಸ್ ಎತ್ತಬೇಡಿ. ಅವು ಸೂರಿನ ಅಡಿಯಲ್ಲಿ ಎತ್ತರದಲ್ಲಿವೆ, ಅದಕ್ಕೆ 55-250ರಂಥ ಟೆಲಿಜೂಮ್ ಬೇಕು.

ಒಳಗೆ, ತಿರುಗಿಸಿ ಕಡೆದ ಕಂಬಗಳ ಬಳಿ, ಈ ಲೆನ್ಸ್ ತನ್ನ ಜಾಗಕ್ಕೆ ಬಂದಂತೆ. ಬಳಪದ ಕಲ್ಲಿನ ನುಣುಪು ಮೈ, ಉಂಗುರದ ಮೇಲೆ ಉಂಗುರ, ಬಾಗಿಲಿನಿಂದ ಬಂದ ಬೆಳಕು ಒಂದು ಮಗ್ಗುಲಲ್ಲಿ ಗೆರೆಯಾಗಿ ಇಳಿದಿರುತ್ತದೆ. ಒಂದು ಕಂಬವನ್ನು 50 ಸೆಂಟಿಮೀಟರ್ ಹತ್ತಿರಕ್ಕೆ ತಂದುಕೊಳ್ಳಿ, ಚೌಕಟ್ಟಿನ ಎಡ ಅಥವಾ ಬಲ ಮೂರನೇ ಭಾಗದಲ್ಲಿ ನಿಲ್ಲಿಸಿ. ಅಲ್ಲಿಂದ ಅರ್ಧ ಹೆಜ್ಜೆ ಹಿಂದೆ ಹೋಗಿ ದೂರ ಒಂದು ಮೀಟರ್ ಆದರೆ ಕಂಬ ಅರ್ಧಕ್ಕೆ ಇಳಿಯುತ್ತದೆ, ಹಿಂದಿನ ಗರ್ಭಗುಡಿಯ ಬಾಗಿಲು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಚಿತ್ರದ ತೂಕವೆಲ್ಲ ಈ ಅರ್ಧ ಹೆಜ್ಜೆಯಲ್ಲಿದೆ. ಜೂಮ್ ತಿರುಗಿಸಿ ಇದನ್ನು ತರಲಾಗದು. ಮೊದಲು ಕಾಲಿನಿಂದ ಜಾಗ ಹುಡುಕಿ, ಆಮೇಲೆ ಅಂಚನ್ನು ಸರಿಮಾಡಲು ಮಾತ್ರ ಜೂಮ್ ಮುಟ್ಟಿ. ಈ ಲೆನ್ಸ್ 22 ಸೆಂ.ಮೀ. ತನಕ ಫೋಕಸ್ ಹಿಡಿಯುತ್ತದೆ. ಆ ಅಳತೆ ಸೆನ್ಸರ್‌ನಿಂದ, ಹಾಗಾಗಿ ಮುಂದಿನ ಗಾಜಿಗೂ ಕಲ್ಲಿಗೂ ನಡುವೆ ಒಂದು ಗೇಣೂ ಇರುವುದಿಲ್ಲ. ವ್ಯೂಫೈಂಡರಿನಲ್ಲಿ ಕಂಬ ದೂರವಿದ್ದಂತೆ ಕಾಣುವುದರಿಂದ ಗಾಜನ್ನು ಕಲ್ಲಿಗೆ ತಾಗಿಸಿಬಿಡುವುದು ಸುಲಭ. ಹುಡ್ ಹಾಕಿಕೊಂಡೇ ಇರಿ.

ಮನುಷ್ಯರನ್ನು ಅಂಚಿಗೆ ಬಿಡಬಾರದು. 10 ಮಿ.ಮೀ.ನಲ್ಲಿ ಎಡ-ಬಲ ಅಂಚಿಗೆ ಬಂದ ತಲೆ ಎತ್ತರಕ್ಕಿಂತ ಅಗಲದಲ್ಲಿ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. 18ರಲ್ಲಿ ಇದು 1.2 ಪಟ್ಟಿನೊಳಗೇ. ಲೆನ್ಸ್ ಕೆಟ್ಟಿದೆ ಎಂದಲ್ಲ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಸೆನ್ಸರಿನ ಮೇಲೆ ಹಾಸಿದರೆ ಆಗುವುದೇ ಹಾಗೆ. ಚಪ್ಪಟೆ ಗೋಡೆಗೆ ಇದರಿಂದ ತೊಂದರೆಯಿಲ್ಲ, ದುಂಡಗಿನ ಕಂಬವೂ ತಲೆಯೂ ಸಿಕ್ಕಿಬೀಳುತ್ತವೆ. ಜನರನ್ನು ನಡುವಿನ ಮೂರನೇ ಒಂದು ಭಾಗದೊಳಗೆ ಇಡಿ.

ಫೋಕಸ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. 10 ಮಿ.ಮೀ., ಎಫ್/8 ಇಟ್ಟು ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 40 ಸೆಂ.ಮೀ.ನಿಂದ ಅನಂತದವರೆಗೆ ಚೂಪಾಗಿ ಬರುತ್ತದೆ. 18ಕ್ಕೆ ಹೋದರೆ ಅದೇ ಎಫ್/8ಕ್ಕೆ 2.2 ಮೀಟರ್ ಬೇಕು, ಆಗ ಹತ್ತಿರದ ಗಡಿ 1.1 ಮೀಟರ್. ಈ ಲೆನ್ಸ್‌ನ ಮೇಲೆ ದೂರದ ಅಂಕಿಗಳಿಲ್ಲ, ಅದಕ್ಕೆ ಒಂದು ಮೀಟರ್ ಆಚೆಯ ಕಲ್ಲಿನ ಬಿರುಕಿಗೆ ಆಟೋಫೋಕಸ್ ಹಿಡಿದು ಎಂಎಫ್‌ಗೆ (ಮ್ಯಾನುಯಲ್ ಫೋಕಸ್‌ಗೆ) ತಳ್ಳುತ್ತೇನೆ. ಜೂಮ್ ಬದಲಿಸಿದರೆ ಮತ್ತೆ ಹಿಡಿಯಬೇಕು. ಎಫ್/16, 22ಕ್ಕೆ ಹೋದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಇಡೀ ಚಿತ್ರ ಮಂದವಾಗುತ್ತದೆ, ಲಾಭವೇನೂ ಇಲ್ಲ.

ಬೆಳಕು ಕಷ್ಟದ್ದು. ಗುಡಿಯ ಬಾಗಿಲು ಪೂರ್ವಕ್ಕಿದೆ; ಬೆಳಿಗ್ಗೆ ಬೆಳಕು ಒಳಗೆ ಬರುತ್ತದೆ, ಆದರೆ ಬಾಗಿಲಿನ ಹೊಳಪಿಗೂ ಮೂಲೆಯ ಕತ್ತಲೆಗೂ ಅಜಗಜಾಂತರ. ಅಗಲ ನೋಟದೊಳಗೆ ಬಾಗಿಲು ಹೇಗಾದರೂ ನುಸುಳುತ್ತದೆ, ಮೀಟರ್ ಅದನ್ನು ನೋಡಿ ಕಂಬಗಳನ್ನು ಕಪ್ಪು ಮಾಡುತ್ತದೆ. ಬಾಗಿಲನ್ನು ಕಂಬದ ಮರೆಗೆ ತಂದುಕೊಳ್ಳುವುದು ಮೊದಲ ಉಪಾಯ. ಆಗದಿದ್ದರೆ ರಾ ಫೈಲ್‌ನಲ್ಲಿ 2 ಸ್ಟಾಪ್ ಅಂತರದ ಮೂರು ಚಿತ್ರ. ಕೈಯಲ್ಲಿ ಹಿಡಿದು ಐಎಸ್‌ಒ 1600, ಎಫ್/5.6, ಸೆಕೆಂಡಿನ ಎಂಟನೇ ಒಂದು ಭಾಗ ಎನ್ನುವುದು ನನ್ನ ಶುರುವಿನ ಲೆಕ್ಕ. ಮೊಣಕೈ ಪಕ್ಕೆಗೆ ಒತ್ತಿ, ಮೂರು ಮೂರು ಚಿತ್ರ ಒಟ್ಟಿಗೆ ತೆಗೆದು ಚೂಪಾದದ್ದನ್ನು ಉಳಿಸಿಕೊಳ್ಳುತ್ತೇನೆ. ಪಾಪ್-ಅಪ್ ಫ್ಲ್ಯಾಶ್ ಬೇಡ. ಅದರ ಬೆಳಕು ಇಷ್ಟು ಅಗಲಕ್ಕೆ ಹರಡುವುದಿಲ್ಲ, ಕೆಳಗೆ ಲೆನ್ಸ್‌ನ ನೆರಳೂ ಬೀಳುತ್ತದೆ. ಹೊರಗೆ ಪೋಲರೈಸರ್ ಫಿಲ್ಟರ್ ಕೂಡ ತೆಗೆದಿಡಿ. ಸೂರ್ಯನಿಂದ 90 ಡಿಗ್ರಿಯಲ್ಲಿರುವ ಆಕಾಶವನ್ನು ಮಾತ್ರ ಗಾಢ ಮಾಡಿ ಚಿತ್ರದ ನಡುವೆ ನೀಲಿ ಪಟ್ಟೆ ಎಳೆದುಬಿಡುತ್ತದೆ.

ಪೂಜೆ ನಡೆಯುವ ಗುಡಿಯಲ್ಲಿ, ಬೇಲೂರಿನ ಚೆನ್ನಕೇಶವನಂಥಲ್ಲಿ, ಗರ್ಭಗುಡಿಯ ಕಡೆ ಲೆನ್ಸ್ ತಿರುಗಿಸುವ ಮೊದಲು ಅರ್ಚಕರನ್ನು ಕೇಳಿ. 'ಬೇಡಿ' ಎಂದರೆ ಬೇಡ. 10 ಮಿ.ಮೀ.ನಲ್ಲಿ ನೀವು ಬೇರೆಲ್ಲೋ ನೋಡುತ್ತಿದ್ದರೂ ಗರ್ಭಗುಡಿ ಅಂಚಿನಲ್ಲಿ ಸೇರಿರಬಹುದು, ಅದನ್ನೂ ಗಮನಿಸಿ.

ಭುವನೇಶ್ವರಿಗೆ, ಅಂದರೆ ಮಾಡಿನ ಒಳಮೈಯ ಕೆತ್ತನೆಗೆ, ನೆಲವೇ ಟ್ರೈಪಾಡ್. ಸೋಮನಾಥಪುರದ ಮಾಡಿನ ಅಂಕಣಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಇಳಿಬಿದ್ದ ಬಾಳೆಯ ಮೊಗ್ಗು, ಅದರ ಸುತ್ತ ಸುತ್ತು ಸುತ್ತಾಗಿ ಕೆತ್ತನೆ. ಕತ್ತೆತ್ತಿ ಕೈಯಲ್ಲಿ ತೆಗೆದರೆ ಮೊಗ್ಗು ನಡುವಿಗೆ ಬರುವುದೇ ಇಲ್ಲ. ಮಡಿಸಿದ ಕರವಸ್ತ್ರದ ಮೇಲೆ ಕ್ಯಾಮೆರಾವನ್ನು ಬೆನ್ನಡಿಯಾಗಿ ಮಲಗಿಸಿ, ಲೆನ್ಸ್ ನೆಟ್ಟಗೆ ಮೇಲಕ್ಕೆ. ಸ್ಟೆಬಿಲೈಸರ್ ಆಫ್, ಐಎಸ್‌ಒ 100, ಎಫ್/8, ಟೈಮರ್ 10 ಸೆಕೆಂಡ್. ಶಟರ್ 2ರಿಂದ 10 ಸೆಕೆಂಡ್‌ವರೆಗೆ ಬೇಕಾಗಬಹುದು. ಬಟನ್ ಒತ್ತಿ ಕಂಬದ ಹಿಂದೆ ಸರಿಯಿರಿ, ಇಲ್ಲದಿದ್ದರೆ ನಿಮ್ಮ ಮುಖವೇ ಮೂಲೆಯಲ್ಲಿ ಬರುತ್ತದೆ. ಮೊದಲ ಚಿತ್ರ ನೋಡಿ: ನಾಲ್ಕು ಕಂಬಗಳ ಬೋದಿಗೆ (ತಲೆಭಾಗ) ನಾಲ್ಕು ಮೂಲೆಯಿಂದ ಸಮ ದೂರದಲ್ಲಿವೆಯೇ? ಎಡದ್ದು ಅಂಚಿಗೆ ಹೆಚ್ಚು ಹತ್ತಿರವಿದ್ದರೆ ಕ್ಯಾಮೆರಾವನ್ನು ಎಡಕ್ಕೇ ಎರಡು ಬೆರಳು ಸರಿಸಿ. ಮೊಗ್ಗು ಮಾತ್ರ ಓರೆಯಾಗಿ ಅದರ ಒಂದು ಮಗ್ಗುಲು ಕಾಣುತ್ತಿದ್ದರೆ ಕ್ಯಾಮೆರಾ ಅದರ ನೇರ ಕೆಳಗಿಲ್ಲ ಎಂದರ್ಥ. ಹಾಗಲ್ಲದೆ ಮೊಗ್ಗು ನೇರವಾಗಿದ್ದು ಇಡೀ ಅಂಕಣವೇ ವಾಲಿದ್ದರೆ ನೆಲದ ಕಲ್ಲು ಇಳಿಜಾರು. ಕರವಸ್ತ್ರದ ಒಂದು ಮಡಿಕೆ ಬಿಚ್ಚಿದರೆ ಸರಿಹೋಗುತ್ತದೆ. ಮೂರು ನಾಲ್ಕು ಸಲ ಮಾಡಿದರೆ ಕೂರುತ್ತದೆ. ಜನ ಓಡಾಡುವ ದಾರಿಯಾದ್ದರಿಂದ ಪಕ್ಕದಲ್ಲೇ ಇರಿ, ಒಂದು ಕಣ್ಣು ಕ್ಯಾಮೆರಾದ ಮೇಲಿರಲಿ. ಗಾಜು ಮೇಲ್ಮುಖವಾಗಿ ಇದ್ದಷ್ಟು ಹೊತ್ತೂ ಮಾಡಿನಿಂದ ಧೂಳು, ಬಾವಲಿ ಹಿಕ್ಕೆ ಉದುರುತ್ತಿರುತ್ತದೆ. ಎತ್ತಿದ ಕೂಡಲೇ ಬಟ್ಟೆಯಿಂದ ಒರೆಸಬೇಡಿ, ಕಲ್ಲಿನ ಪುಡಿ ಗಾಜಿನ ಲೇಪವನ್ನು ಗೀರುತ್ತದೆ. ಮೂತಿಯನ್ನು ಕೆಳಗೆ ಮಾಡಿ ಬ್ಲೋವರ್‌ನಿಂದ ಊದಿ, ಆಮೇಲೆ ಮುಚ್ಚಳ.