ದಡದಲ್ಲಿ ಉಳಿದವರ ಕಡೆಯಿಂದ ಪೋರ್ಚುಗಲ್ ಓದುವುದು ಹೇಗೆ

ಕಾರವಾರದಲ್ಲಿ 28 ವರ್ಷ ಇತಿಹಾಸ ಪಾಠ ಮಾಡಿದವಳು ನಾನು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೋ ಡ ಗಾಮ ನಮ್ಮೂರ ಎದುರಿನ ಅಂಜುದೀವ ದ್ವೀಪದಲ್ಲಿ ತಂಗಿದ್ದ ಎಂದು ಪ್ರತಿ ವರ್ಷವೂ ಹೇಳುತ್ತಿದ್ದೆ. ಒಮ್ಮೆ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅಷ್ಟು ದಿನ ಅವರ ಮನೆಯವರು ಹೇಗೆ ಬದುಕಿದರು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೋರ್ಚುಗೀಸ್ ಸಮಾಜವನ್ನು ಅರಿಯಬೇಕೆನ್ನುವವರು ನಾವಿಕರನ್ನು ಸ್ವಲ್ಪ ಬದಿಗಿರಿಸಿ, ದಡದಲ್ಲಿ ಉಳಿದವರಿಂದ ಶುರುಮಾಡಲಿ ಎಂಬುದು ನನ್ನ ಮಾತು.

ಮೊದಲು ಪೋರ್ಚುಗೀಸ್ ನಾಟಕಕಾರ ಜಿಲ್ ವಿಸೆಂತೆಯ ಪುಟ್ಟ ಪ್ರಹಸನ 'ಆಉತು ದ ಇಂಡಿಯಾ' ಓದಿ. 1509ರಲ್ಲಿ ರಾಣಿಯ ಮುಂದೆ ಆಡಿದ್ದು. ಒಂದು ಸಂಜೆಗೆ ಮುಗಿಯುತ್ತದೆ. ಪರದೆ ಸರಿದಾಗ ಮನೆಯೊಡತಿ ಅಳುತ್ತಿದ್ದಾಳೆ. ಯಜಮಾನರು ಇಂಡಿಯಾಕ್ಕೆ ಹೊರಟರೆಂದು ಅಳುತ್ತಿದ್ದಾಳೆ ಎಂದುಕೊಳ್ಳುತ್ತಾಳೆ ಕೆಲಸದ ಹುಡುಗಿ. ಆದರೆ ಒಡತಿಯ ದುಃಖವೇ ಬೇರೆ: ಎಲ್ಲಿ ಹಡಗು ಹೊರಡದೆ ಗಂಡ ಮನೆಯಲ್ಲೇ ಉಳಿದುಬಿಡುತ್ತಾನೋ ಎಂದು! ನಗುತ್ತಲೇ ಓದಿ, ಆದರೆ ಕೈಯಲ್ಲಿ ಪೆನ್ಸಿಲ್ ಇರಲಿ. ಮೂರು ವರ್ಷಕ್ಕಾಗುವಷ್ಟು ಗೋಧಿ, ಎಣ್ಣೆ, ಜೇನು, ಬಟ್ಟೆ ಇಟ್ಟು ಹೋಗಿದ್ದಾನೆ ಎಂಬ ಮಾತು ಬರುತ್ತದೆ. ಅದಕ್ಕೆ ಗೆರೆ ಎಳೆಯಿರಿ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಅದು. ಕೊನೆಗೆ ಮರಳಿ ಬಂದ ಗಂಡ, ಕಾದಾಡಿದೆವು, ದೋಚಿದೆವು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕಪ್ತಾನನೊಬ್ಬ ಇಲ್ಲದಿದ್ದರೆ ತನ್ನ ಪಾಲಿಗೂ ದೊಡ್ಡ ಗಂಟು ಬರುತ್ತಿತ್ತು ಎನ್ನುತ್ತಾನೆ. ಲೂಟಿ ಯಾರದು, ಪಾಲು ಯಾರಿಗೆ ಎಂಬುದನ್ನು ಆ ಒಂದು ಮಾತು ತೋರಿಸಿದಷ್ಟು ಚೆನ್ನಾಗಿ ನಾನು ಓದಿದ ಯಾವ ಪಠ್ಯಪುಸ್ತಕವೂ ತೋರಿಸಿಲ್ಲ.

ಇದಾದ ಮೇಲೆ ಕಮೋಯಿಶ್ ಕವಿಯ 'ಲೂಸಿಯಾದಸ್' ತೆಗೆಯಿರಿ. 1572ರ ಮಹಾಕಾವ್ಯ, ಹತ್ತು ಸರ್ಗ. ಮೊದಲ ಪುಟದಿಂದ ಹೊರಟರೆ ಗ್ರೀಕ್, ರೋಮನ್ ದೇವತೆಗಳ ನಡುವೆ ದಾರಿ ತಪ್ಪುತ್ತೀರಿ. ನೇರವಾಗಿ ನಾಲ್ಕನೆಯ ಸರ್ಗದ ಕೊನೆಗೆ ಬನ್ನಿ. ಲಿಸ್ಬನ್ನಿನ ರೆಸ್ತೇಲು ದಡದಲ್ಲಿ ಗಾಮನ ಹಡಗುಗಳು ಹೊರಡುತ್ತಿವೆ. ಮೀನುಗಳಿಗೆ ಆಹಾರವಾಗಲೆಂದು ನನ್ನನ್ನು ಬಿಟ್ಟು ಹೋಗುತ್ತೀಯಾ ಮಗನೇ ಎಂದು ತಾಯಿ ಗೋಳಿಡುತ್ತಾಳೆ. ಆಮೇಲೆ ಮುದುಕನೊಬ್ಬ ಕೀರ್ತಿಯ ಹುಚ್ಚನ್ನೂ ಅಧಿಕಾರದ ದಾಹವನ್ನೂ ಶಪಿಸುತ್ತಾನೆ. ಸಾಮ್ರಾಜ್ಯವನ್ನು ಹಾಡಲು ಕುಳಿತ ಕವಿಯೇ ಅದರ ವಿರುದ್ಧದ ದನಿಗೆ ಇಷ್ಟು ಜಾಗ ಕೊಟ್ಟಿದ್ದಾನೆ! ಅಷ್ಟನ್ನು ಓದಿದ ಮೇಲೆ ಬೇಕಾದರೆ ಮೊದಲ ಸರ್ಗಕ್ಕೆ ಮರಳಿ.

ನಕಾಶೆಯಿಲ್ಲದೆ ಮುಂದಕ್ಕೆ ಹೋಗಬೇಡಿ. ಪೋರ್ಚುಗಲ್ಲನ್ನು ಉತ್ತರ, ದಕ್ಷಿಣ ಎಂದು ಭಾಗ ಮಾಡುವ ತೇಜು ನದಿಯನ್ನು ಗುರುತಿಸಿಕೊಳ್ಳಿ. ಭೂಗೋಳಜ್ಞ ಒರ್ಲಾಂದೊ ರಿಬೈರು 1945ರಲ್ಲಿ ಬರೆದ ಪುಸ್ತಕ, ಅಟ್ಲಾಂಟಿಕ್ ಮಳೆಯ ಉತ್ತರವನ್ನೂ ಮೆಡಿಟರೇನಿಯನ್ ಬಿಸಿಲಿನ ದಕ್ಷಿಣವನ್ನೂ ಬೇರೆಬೇರೆಯಾಗಿ ನೋಡಲು ಕಲಿಸುತ್ತದೆ. ಉತ್ತರದ ಮಿನ್ಯು ಸೀಮೆಯಲ್ಲಿ ತುಂಡು ತುಂಡು ಹೊಲ, ಎಲ್ಲೆಡೆ ಹರಡಿದ ಮನೆಗಳು, ಮೆಕ್ಕೆಜೋಳ. ದಕ್ಷಿಣದ ಅಲೆಂತೇಜುವಿನಲ್ಲಿ ದೊಡ್ಡ ದೊಡ್ಡ ಜಮೀನು, ಗೋಧಿ, ಬಿರಡೆ ತೊಗಟೆಯ ಓಕ್ ಮರಗಳು, ತುಂಡು ನೆಲವೂ ಇಲ್ಲದ ಕೂಲಿಗಳು. ಆ ಕೂಲಿಗಳದೇ ಮೂರು ತಲೆಮಾರಿನ ಕಥೆ ಸರಮಾಗೊ 1980ರಲ್ಲಿ ಬರೆದ 'ಲೆವಂತಾದು ದು ಶಾಂವ್' ಕಾದಂಬರಿ, ಇಂಗ್ಲಿಷ್ ಅನುವಾದವಿದೆ. ಎರಡನ್ನೂ ಜೊತೆಗಿಟ್ಟುಕೊಂಡು ಓದಿ.

ಇಷ್ಟರಲ್ಲಿ ಒಂದು ನೋಟುಪುಸ್ತಕ ಇಟ್ಟಿರಿ. ಪ್ರತಿ ಕೃತಿಯ ಎದುರಿಗೂ ಎರಡು ಇಸವಿ ಬರೆಯಿರಿ: ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ. ನಡುವಿನ ಅಂತರವೇ ಆ ಕಾಲದ ಕಥೆ ಹೇಳುತ್ತದೆ. 1926ರ ಸೇನಾ ದಂಗೆಯ ನಂತರ, ಸರ್ವಾಧಿಕಾರಿ ಸಲಜಾರ್ ಆಳ್ವಿಕೆಯುದ್ದಕ್ಕೂ, 1974ರ ಏಪ್ರಿಲ್ 25ರ ಕ್ರಾಂತಿಯವರೆಗೆ ಸೆನ್ಸಾರಿನವರ ನೀಲಿ ಪೆನ್ಸಿಲ್ ಪತ್ರಿಕೆಗಳ ಮೇಲೆ ಓಡಾಡಿತು. ಇದೇ ರಿಬೈರು 1950ರ ದಶಕದಲ್ಲಿ ಗೋವಾ ಸುತ್ತಿ ಸರ್ಕಾರಕ್ಕೆ ವರದಿ ಬರೆದರು. ತಾವು ಕಂಡ ಪ್ರದೇಶಗಳಲ್ಲಿ ಪೋರ್ಚುಗೀಸ್ ಗುರುತು ತೀರಾ ಕಡಿಮೆಯಿದ್ದದ್ದು ಗೋವಾದಲ್ಲೇ ಎಂದು ನೇರವಾಗಿ ಹೇಳಿದರು. ನನ್ನ ನೋಟುಪುಸ್ತಕದಲ್ಲಿ ಆ ವರದಿಯ ಎದುರಿಗೆ ಬರೆದುಕೊಂಡದ್ದು: 1956, 1999. ಅಚ್ಚಾಗುವ ಹೊತ್ತಿಗೆ ರಿಬೈರು ಬದುಕಿರಲಿಲ್ಲ. ಇಂಥ ಪ್ರಾಮಾಣಿಕ ವಿದ್ವಾಂಸರ ಬಗ್ಗೆ ನನಗೆ ಅಪಾರ ಗೌರವವಿದೆ.

ಪೋರ್ಚುಗೀಸ್ ಸ್ವಲ್ಪ ಬಂದ ಮೇಲೆ ಮೂಲ ದಾಖಲೆಗೆ ಕೈಹಾಕಿ. ಹೆದರಬೇಡಿ, ಮೇಜು, ಚಾವಿ, ಪಾದ್ರಿ, ಅನಾನಸು ಎನ್ನುವಾಗ ನೀವು ಆ ಭಾಷೆಯ ಮಾತನ್ನೇ ಆಡುತ್ತಿದ್ದೀರಿ. 1755ರ ನವೆಂಬರ್ 1ರ ಭೂಕಂಪ ಲಿಸ್ಬನ್ನನ್ನು ನೆಲಸಮ ಮಾಡಿತು. 1758ರಲ್ಲಿ ಸರ್ಕಾರ ದೇಶದ ಪ್ರತಿ ಚರ್ಚಿನ ಪಾದ್ರಿಗೂ ಪ್ರಶ್ನಾವಳಿ ಕಳುಹಿಸಿತು: ಊರು, ಬೆಟ್ಟ, ನದಿ ಎಂದು ಮೂರು ಭಾಗ. ಎಷ್ಟು ಮನೆಗಳು, ಯಾವ ಬೆಳೆ ಹೆಚ್ಚು, ಅಂಚೆ ಇದೆಯೇ, ಭೂಕಂಪದಲ್ಲಿ ಏನು ಹಾಳಾಯಿತು, ರಿಪೇರಿ ಆಯಿತೇ? ಉತ್ತರಗಳು ಲಿಸ್ಬನ್ನಿನ ತೊರೆ ದು ತೊಂಬು ದಾಖಲೆಮನೆಯಲ್ಲಿವೆ, ಅಂತರ್ಜಾಲದಲ್ಲೂ ನೋಡಬಹುದು. ಒಂದೇ ಊರನ್ನು ಹಿಡಿದು ನಿಧಾನವಾಗಿ ಓದಿ. ಒಂದು ಎಚ್ಚರಿಕೆ: ಅಲ್ಲಿ 'ಫೋಗು' ಎಂದರೆ ಬೆಂಕಿ, ಅಂದರೆ ಒಲೆ, ಒಂದು ಒಲೆಗೆ ಒಂದು ಮನೆ. ನಾನು ಮೊದಲು ತಲೆಯೆಣಿಕೆ ಎಂದುಕೊಂಡು ಒಂದು ಇಡೀ ಹಳ್ಳಿಯ ಲೆಕ್ಕವನ್ನು ತಪ್ಪಾಗಿ ಬರೆದಿದ್ದೆ.

ಕನ್ನಡದ ಓದುಗರಿಗೆ ಇನ್ನೊಂದು ಬಾಗಿಲಿದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದ ವಿಜಯನಗರದ ವರ್ಣನೆಯನ್ನು ನಾವು ಹಂಪಿಗಾಗಿ ಓದುತ್ತೇವೆ. ಈ ಸಲ ಪಾಯಸ್‌ನ ಊರಿಗಾಗಿ ಓದಿ. ಆತನಿಗೆ ಅಚ್ಚರಿಯಾದ ಕಡೆಯಲ್ಲೆಲ್ಲ ಗುರುತು ಹಾಕಿ, ಆತನ ಮನೆಯಲ್ಲಿ ಇದು ಹೇಗಿತ್ತು ಎಂದು ಕೇಳಿ. ನಗರ ರೋಮಿನಷ್ಟು ದೊಡ್ಡದು ಎನ್ನುತ್ತಾನೆ; ಲಿಸ್ಬನ್ ಆ ಹೋಲಿಕೆಗೆ ಸಾಲಲಿಲ್ಲ. ಇಲ್ಲಿ ಬೇರೆ ಬಾರ್ಲಿ ಇಲ್ಲದ್ದರಿಂದ ಮನುಷ್ಯರು ತಿನ್ನುವ ಕಾಳನ್ನೇ ಕುದುರೆಗೂ ಹಾಕುತ್ತಾರೆ ಎಂದು ಬರೆಯುತ್ತಾನೆ. ಅಲ್ಲಿ ನಿಲ್ಲಿ. ಆ ಸಾಲಿನ ಹಿಂದೆ ಪೋರ್ಚುಗಲ್ಲಿನ ಒಂದು ಲಾಯವಿದೆ, ಬಾರ್ಲಿ ತಿನ್ನುವ ಕುದುರೆಯಿದೆ, ಆ ಬಾರ್ಲಿ ಬಿತ್ತಿದ ರೈತನಿದ್ದಾನೆ.