ಟ್ರಕ್ ಕ್ಯಾಬಿನ್ ಒಳಗೆ ನೀರು ಸೋರಿದರೆ: ಪರೀಕ್ಷೆ ಕೆಳಗಿನಿಂದ ಮೇಲಕ್ಕೆ
ವಾರಂಟಿ ಇರುವ ಸೆಕೆಂಡ್ ಹ್ಯಾಂಡ್ ಟ್ರಕ್ಕಿನ ಕ್ಯಾಬಿನ್ ಒಳಗೆ ನೀರು ಬರುತ್ತಿದ್ದರೆ, ಮ್ಯಾಟ್ ತೆಗೆದು ಒಣಗಿಸಿ, ನೆಲಕ್ಕೆ ನ್ಯೂಸ್ ಪೇಪರ್ ಹಾಸಿ, ಹೊರಗಿನಿಂದ ಪೈಪಿನಲ್ಲಿ ಸಣ್ಣಗೆ ನೀರು ಬಿಡಿ. ಮೊದಲು ಬಾಗಿಲಿನ ಕೆಳಭಾಗ, ಆಮೇಲೆ ಕಿಟಕಿ, ಮುಂದಿನ ಗಾಜು, ಕೊನೆಗೆ ರೂಫ್. ಒಂದೊಂದು ಜಾಗಕ್ಕೂ ಕೆಲವು ನಿಮಿಷ ಕೊಡಿ. ಇನ್ನೊಬ್ಬರು ಒಳಗೆ ಕೂತು ಟಾರ್ಚ್ ಹಿಡಿದು ವಿಡಿಯೋ ಮಾಡಲಿ. ನೀರು ಒಳಗಿನ ತಗಡಿನ ಗುಂಟ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ, ಸೋರುವ ಜಾಗ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಪ್ರೆಶರ್ ವಾಷರ್ ಮಾತ್ರ ಬೇಡ, ಅದು ಚೆನ್ನಾಗಿರುವ ರಬ್ಬರ್ ಸಂದಿಯಲ್ಲೂ ನೀರು ನುಗ್ಗಿಸುತ್ತದೆ. ದಯವಿಟ್ಟು ನೀವೇ ಸಿಲಿಕಾನ್ ಅಂಟು ಬಳಿಯಬೇಡಿ, ಅದನ್ನೇ ನೆಪ ಮಾಡಿ ವಾರಂಟಿ ಕ್ಲೇಮ್ ತಳ್ಳಿಹಾಕಬಹುದು. ವರ್ಕ್‌ಶಾಪಿನಲ್ಲಿ ವಿಡಿಯೋ ತೋರಿಸಿ, ದೂರನ್ನು ದಿನಾಂಕದ ಸಮೇತ ಅವರ ಜಾಬ್ ಕಾರ್ಡಿನಲ್ಲಿ (ರಿಪೇರಿ ಕೆಲಸ ಬರೆದುಕೊಳ್ಳುವ ಚೀಟಿ) ಬರೆಸಿ, ಪ್ರತಿ ಇಟ್ಟುಕೊಳ್ಳಿ. ಎಷ್ಟೋ ವಾರಂಟಿಗಳಲ್ಲಿ ಬಾಗಿಲಿನ ರಬ್ಬರ್ ಸೇರಿರುವುದಿಲ್ಲ, ಅದನ್ನೂ ಮೊದಲೇ ಓದಿಕೊಳ್ಳಿ. ಮಳೆಯೇ ಇಲ್ಲದಾಗಲೂ ನೆಲ ಒದ್ದೆಯಾಗುತ್ತಿದ್ದರೆ ಈ ಪರೀಕ್ಷೆಯಿಂದ ಉಪಯೋಗವಿಲ್ಲ. ಎಸಿ ಹಾಕಿದಾಗ ಶುದ್ಧ ನೀರು ಬಂದರೆ ಅದರ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು. ಅಂಟಂಟಾಗಿ, ಸಿಹಿ ವಾಸನೆ ಇದ್ದರೆ ಅದು ಹೀಟರಿನಿಂದ ಸೋರುವ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ), ತಡ ಮಾಡದೆ ವರ್ಕ್‌ಶಾಪಿಗೆ ತೋರಿಸಿ.